ಹತ್ತು ಜೇಬು

ಕೌಲ್ ಬಜಾರಿನ ಈ ಎರಡನೇ ಮಹಡಿಯಲ್ಲಿ
ನನ್ನ ಪಾಲಿಗೆ ಬಂದಿರೋದು ಹಿಂದಿನ ಬಲಗಡೆ ಜೇಬು.
ಎಡಗಡೆ ಜೇಬು ಶಂಶಾದ್ ಬೀದು.
ಜಿಪ್ಪು ಹಚ್ಚೋರು, ಪಟ್ಟಿ ಕೂಡಿಸೋರು, ಗುಂಡಿ ಹೊಡೆಯೋರು
ಬೇರೆ ಬೇರೆ.
ಹದಿನಾಲ್ಕು ವರ್ಷದಲ್ಲಿ ಒಂದು ಇಡೀ ಪ್ಯಾಂಟು
ನಾನು ಹೊಲಿದಿಲ್ಲ.

ಜೇಬಿಗೆ ಅರವತ್ತು ಪೈಸೆ.
ನಿಮಿಷಕ್ಕೊಂದು ಜೇಬು.
ಹಂಗಾಗಿ ನನ್ನ ಗಡಿಯಾರದ ಲೆಕ್ಕವೇ ಬೇರೆ:
ಒಂದು ಲೋಟ ನೀರು ಅಂದರೆ ಎರಡು ಜೇಬು,
ಕೆಳಗಿಳಿದು ಪಾಯಿಖಾನೆಗೆ ಹೋಗಿಬರೋದು ಎಂಟು,
ಅಲ್ಲಿ ಸಾಲಿದ್ದರೆ ಹನ್ನೆರಡು.
ಅದಕ್ಕೇ ನೀರು ಕುಡಿಯೋದು ಬಿಟ್ಟೆ.
ಮಗಳ ಶಾಲೆಯಿಂದ ಫೋನು ಬಂದರೆ
ಎಷ್ಟು ಜೇಬಿನ ಮಾತೋ ಅಂತ ಮೊದಲು ಹೆದರ್ತೀನಿ.
ಶೇಂಗಾ ಪುಡಿ ಇಟ್ಟು ಸುತ್ತಿದ ರೊಟ್ಟಿ ಎಡಗೈಯಲ್ಲಿ,
ಬಟ್ಟೆ ನೂಕೋದು ಬಲಗೈಯಲ್ಲಿ.
ಎಡಗೈಲಿ ಉಣ್ಣಬಾರದು ಅಂತಿದ್ದಳು ಅವ್ವ.

ಮಷೀನಿಗೆ ಮಾತ್ರ ಕಾನೂನು ಐತೆ.
ಮೋಟಾರು ಬಿಸಿಯಾದರೆ ಮೆಕ್ಯಾನಿಕ್ ಗಾದಿಲಿಂಗ
ಅಂಗೈ ಇಟ್ಟು ನೋಡ್ತಾನೆ, ಕೂಸಿನ ಜ್ವರ ನೋಡಿದ ಹಂಗೆ.
"ಯಕ್ಕಾ, ಬಂದ್ ಮಾಡು. ಹತ್ತು ನಿಮಿಷ ಬಿಡು.
ಸುಟ್ಟುಹೋದ್ರೆ ಸೇಠು ನನ್ನ ಚರ್ಮ ಸುಲೀತಾನೆ."
ಎಣ್ಣೆ ಬಿಡ್ತಾನೆ, ಬ್ರಷ್ಷಿನಿಂದ ನೂಲಿನ ಧೂಳು ಜಾಡಿಸ್ತಾನೆ.
ಆ ಹತ್ತು ನಿಮಿಷ ನಾನು ಕತ್ತರಿ ಹಿಡಿದು
ಬೇರೆಯವರ ಪೀಸಿನ ದಾರ ಕತ್ತರಿಸ್ತಾ ಇರ್ತೀನಿ,
ಸುಮ್ಮನೆ ಕುಂತದ್ದು ಯಾರಾದರೂ ಕಂಡಾರು ಅಂತ.

ಆವತ್ತು ಮೂರೂವರೆಗೆ,
ಕಣ್ಣು ತಾನಾಗೇ ಎಳೆಯೋ ಹೊತ್ತಿನಲ್ಲಿ,
ಶಂಶಾದ್ ಬೀ ಕೂಗಲಿಲ್ಲ.
"ಯಾ ಅಲ್ಲಾ" ಅಂದಳು, ಅದೂ ಮೆಲ್ಲಗೆ,
ಹಾಲು ಉಕ್ಕಿದಾಗ ಅನ್ನೋ ಹಂಗೆ.
ಸೂಜಿ ಉಗುರು ತೂರಿ
ಜೇಬಿನ ಜೊತೆಗೆ ಬೆರಳನ್ನೂ ಹೊಲಿದಿತ್ತು.
ಗಾದಿಲಿಂಗ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ
ಸೂಜಿ ಎತ್ತಿದ.
ಅವಳು ಕೇಳಿದ ಮೊದಲ ಮಾತು:
"ಆ ಪೀಸು ಕೆಟ್ಟುಹೋಯ್ತಾ?"

ರಾತ್ರಿ ಆ ಮಾತು ನನ್ನ ಮಗ್ಗುಲಲ್ಲೇ ಮಲಗಿತ್ತು.

ಮರುದಿನ ಹನ್ನೊಂದಕ್ಕೆ ಎದ್ದೆ.
ಕರೆಂಟು ಹೋಗಿರಲಿಲ್ಲ, ಎಣ್ಣೆ ಬಿಡೋದಿರಲಿಲ್ಲ,
ಹೊಟ್ಟೆನೋವು ಅಂತ ಸುಳ್ಳೂ ಹೇಳಲಿಲ್ಲ.
"ಎಲ್ಲಿಗೆ?" ಅಂದ ಸೂಪರ್‌ವೈಸರ್ ಎರ್ರಿಸ್ವಾಮಿ.
"ಮೇಲಕ್ಕೆ."
"ಯಾಕೆ?"
ಯಾಕೆ ಅನ್ನೋದಕ್ಕೆ ನನ್ನ ಹತ್ರ
ಹೊಲಿದಿಟ್ಟ ಉತ್ತರ ಇರಲಿಲ್ಲ.
"ನನ್ನ ಲೆಕ್ಕದಾಗೆ ಹತ್ತು ಜೇಬು ಕಡಿಮೆ ಬರಕೋ" ಅಂದೆ.
ನಕ್ಕ. ಆಮೇಲೆ ನಗಲಿಲ್ಲ.

ಮಾಳಿಗೆ ಮೇಲೆ, ತೊಳೆದ ಪ್ಯಾಂಟುಗಳು
ಸಾಲಾಗಿ ತಂತಿಗೆ ಬಿದ್ದು ನೀಲಿ ಹನಿಸುತ್ತಿದ್ದವು.
ಆಚೆ ಗುಡ್ಡ. ಒಂದೇ ಬಂಡೆ,
ಬಳ್ಳಾರಿಯ ಅಷ್ಟೂ ಬಿಸಿಲು ಹೊತ್ತು
ಯಾರಿಗೂ ಪೀಸಿನ ಲೆಕ್ಕ ಕೊಡದೆ ಕುಂತಿತ್ತು.
ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.
ಕೈ ಎಲ್ಲಿಡಬೇಕು?
ಸೆರಗು ತಿರುವಿದೆ. ತಂತಿ ಹಿಡಿದೆ. ಬಿಟ್ಟೆ.
ಸಿಮೆಂಟಿನ ಮೇಲೆ ನನ್ನ ಕಾಲು
ಇನ್ನೂ ಪೆಡಲು ಒತ್ತುತ್ತಲೇ ಇತ್ತು.

ಕೊನೆಗೆ, ಒಣಗಿದ ಒಂದು ಪ್ಯಾಂಟಿನ
ಹಿಂದಿನ ಬಲ ಜೇಬಿನೊಳಗೆ
ಕೈ ಇಳಿಬಿಟ್ಟೆ.
ಬೆಚ್ಚಗಿತ್ತು.
ಮಣಿಕಟ್ಟಿನ ತನಕ ಹಿಡೀತು.
ಹದಿನಾಲ್ಕು ವರ್ಷ ಹೊಲಿದೆ,
ಜೇಬು ಅಂದರೆ ದುಡ್ಡಿಡೋಕೆ ಅಂದುಕೊಂಡಿದ್ದೆ.

ಈಗ ಶಂಶಾದ್ ಬೀನೂ ಬರ್ತಾಳೆ,
ಪಟ್ಟಿ ಕಟ್ಟಿದ ಬೆರಳನ್ನು ಮುಂದೆ ಮಾಡಿಕೊಂಡು.
ಹೆಚ್ಚು ಮಾತಿಲ್ಲ.
ಒಮ್ಮೆ ಬೆಕ್ಕು ದಾಟಿತು, ನೋಡಿದ್ವಿ.
ಒಮ್ಮೆ ಅವಳು ತನ್ನ ಭುಜ ತಾನೇ ಒತ್ತಿಕೊಂಡು
"ಇಲ್ಲೊಂದು ನೋವಿತ್ತಂತ ಗೊತ್ತೇ ಇರಲಿಲ್ಲ ನೋಡು" ಅಂದಳು.

ಎರ್ರಿಸ್ವಾಮಿ ದಿನಾ ಹತ್ತು ಕಡಿಮೆ ಬರೀತಾನೆ.
ಸಂಜೆ ಎಣಿಸಿದರೆ ಕೆಲವು ದಿನ ಕಡಿಮೆ ಇರ್ತಾವೆ,
ಕೆಲವು ದಿನ ಇರೋದಿಲ್ಲ.
ಆರು ರೂಪಾಯಿ. ಒಂದು ಮಿರ್ಚಿಯೂ ಬರೋದಿಲ್ಲ.

ಇಳಿಯೋ ಮುಂಚೆ
ಮೆಟ್ಟಿಲ ಮೇಲೆ ಕುಂತು
ಒಂದು ಲೋಟ ನೀರು ಕುಡೀತೀನಿ.
ದಾಹ ಇದ್ದರೆ,
ಇನ್ನೊಂದು.